ನಿಮ್ಮಂಥದ್ದೇ ಇನ್ನೊಂದು ಕಾರು

ಓದುಗರ ಪತ್ರ (ಸಂಕ್ಷಿಪ್ತವಾಗಿ): ಬಹಳ ವರ್ಷ ಕಾದು ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಂಡೆ. ಆಗ ಅಂಥ ಕಾರು ರಸ್ತೆಯಲ್ಲಿ ಕಾಣುತ್ತಲೇ ಇರಲಿಲ್ಲ. ನಿಲ್ಲಿಸಿದ ಕಡೆಯೆಲ್ಲ ಜನ ಬಂದು ಮಾತಾಡಿಸುತ್ತಿದ್ದರು. ಈಗ ಎಲ್ಲಿ ನೋಡಿದರೂ ಅದೇ ಕಾರು, ಅದರಲ್ಲೂ ಜಾಸ್ತಿ ನನ್ನದರಂಥ ಕೆಂಪು. ಸೆಕೆಂಡ್ ಹ್ಯಾಂಡ್ ಆದರೆ ನಾನು ಕೊಟ್ಟದ್ದರ ಅರ್ಧಕ್ಕೇ ಸಿಗುತ್ತದೆ. ಹಾಗೆ ಕೊಂಡ ಹುಡುಗರು ಎದುರಾದಾಗ ಹೆಡ್‌ಲೈಟ್ ಮಿಣುಕಿಸಿ ಕೈ ಬೀಸುತ್ತಾರೆ. ನನಗೆ ತಿರುಗಿ ಕೈ ಎತ್ತಲು ಮನಸ್ಸು ಬರುವುದಿಲ್ಲ. ಇದು ಸಣ್ಣತನ ಎಂದು ಗೊತ್ತು, ಆದರೂ ಬೇಜಾರು. ಬಣ್ಣ ಬದಲಿಸಲೇ? ಸೈಲೆನ್ಸರ್ ಬದಲಿಸಲೇ? ಇಲ್ಲ, ಇದನ್ನು ಮಾರಿ ಯಾರ ಬಳಿಯೂ ಇಲ್ಲದ್ದನ್ನು ಕೊಳ್ಳಲೇ?

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಸಣ್ಣತನ ಎಂದು ನೀವೇ ತೀರ್ಪು ಕೊಟ್ಟುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಆಸೆಪಟ್ಟು ಕೊಂಡದ್ದನ್ನು ನಾಲ್ಕು ಜನ ನಿಂತು ನೋಡಿದರೆ ಖುಷಿಯಾಗುತ್ತದೆ. ನೋಡುವವರು ಇಲ್ಲವಾದಾಗ ಬೇಜಾರೂ ಆಗುತ್ತದೆ. ಇದೇ ನೋವನ್ನು ಬೇರೆ ಬೇರೆ ಕಾರಿನವರು ನಮಗೆ ಬರೆಯುತ್ತಲೇ ಇರುತ್ತಾರೆ. ಹಾಗಾಗಿ ನಿಮ್ಮ ಕಾರಿನ ಹೆಸರು ಬಿಟ್ಟು, ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನೀವು ದುಡ್ಡು ಕೊಟ್ಟು ಕೊಂಡದ್ದು ಕಾರನ್ನು. ಅದು ಅಪರೂಪವಾಗಿದ್ದದ್ದು ಆ ಹೊತ್ತಿನ ಮಾತು. ಕಂಪನಿ ಆಗಿನ್ನೂ ಹೆಚ್ಚು ಕಾರು ಮಾಡಿರಲಿಲ್ಲ, ಅದರ ಸೊಗಸು ಹೆಚ್ಚು ಜನರಿಗೆ ಗೊತ್ತಾಗಿರಲಿಲ್ಲ. ನೀವು ಎಲ್ಲರಿಗಿಂತ ಮೊದಲು ಗುರುತಿಸಿದಿರಿ. ಆಮೇಲೆ ಉಳಿದವರಿಗೂ ಗೊತ್ತಾಯಿತು. ಇದರಲ್ಲಿ ನಿಮಗೆ ಯಾರೂ ಮಾತು ಕೊಟ್ಟು ತಪ್ಪಿಲ್ಲ, ಅಲ್ವಾ?

ಅಪರೂಪ ಎಂದು ಹೇಳಿಯೇ ಮಾರಿ, ಆಮೇಲೆ ಅದನ್ನು ಅಳಿಸಿಬಿಟ್ಟರೆ ಸಿಟ್ಟು ಬರುವುದು ನ್ಯಾಯ. ಕ್ಯಾಡಿಲಾಕ್ ಕಂಪನಿ 1976ರ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ (ಮೇಲ್ಛಾವಣಿ ಮಡಚಿ ತೆರೆಯಬಹುದಾದ ಕಾರು) ಎಂದು ಸಾರಿತು. ಅದು ಸ್ಪೋರ್ಟ್ಸ್ ಕಾರಲ್ಲ, ಆದರೂ ಇಲ್ಲಿ ಹೇಳಬೇಕು. ಮುಂದೆ ಒಳ್ಳೆಯ ಬೆಲೆ ಬರುತ್ತದೆಂದು ಎಷ್ಟೋ ಜನ ಕೊಂಡು ಮುಚ್ಚಿಟ್ಟರು. 1984ರ ಮಾದರಿಯಾಗಿ ಎಲ್ಡೊರಾಡೊ ಕನ್ವರ್ಟಿಬಲ್ ಮತ್ತೆ ಬಂತು. ಮೋಸಹೋದೆವೆಂದು ಕೆಲವು ಮಾಲೀಕರು ನ್ಯಾಯಾಲಯಕ್ಕೂ ಹೋದರು.

ಪೋರ್ಷೆ 911 ಆರ್ ವಿಷಯ ಇದಕ್ಕಿಂತ ಸೂಕ್ಷ್ಮ. 2016ರಲ್ಲಿ ಬಂದ ಆ ಕಾರನ್ನು 991 ಮಾತ್ರ ಮಾಡುತ್ತೇವೆಂದು ಕಂಪನಿ ಹೇಳಿತ್ತು. ಹಿಂದೆ ದೊಡ್ಡ ರೆಕ್ಕೆ (ಸ್ಪಾಯ್ಲರ್) ಇಲ್ಲ, ಮ್ಯಾನ್ಯುಯಲ್ ಗೇರ್ ಬಿಟ್ಟರೆ ಬೇರೆ ಆಯ್ಕೆ ಇಲ್ಲ. ಅಂಥದ್ದಕ್ಕೇ ಹಂಬಲಿಸುತ್ತಿದ್ದವರು ಮುಗಿಬಿದ್ದರು. ಮರುಮಾರಾಟದ ಬೆಲೆ ಶೋರೂಂ ಬೆಲೆಯನ್ನು ಎಷ್ಟೋ ಹಿಂದೆ ಹಾಕಿತು. ಮರುವರ್ಷ 911 ಜಿಟಿ3 ಟೂರಿಂಗ್ ಬಂತು. ಅದಕ್ಕೂ ದೊಡ್ಡ ರೆಕ್ಕೆ ಇಲ್ಲ, ಅದಕ್ಕೂ ಮ್ಯಾನ್ಯುಯಲ್ ಗೇರ್, ಮೇಲಾಗಿ ಇಷ್ಟೇ ಕಾರು ಎಂಬ ಮಿತಿಯೂ ಇಲ್ಲ. ಆರ್‌ನ ಬೆಲೆ ಕೆಳಗಿಳಿಯಿತು. ಕಂಪನಿ ಮಾತು ಮುರಿದಿರಲಿಲ್ಲ, 992ನೇ ಆರ್ ಹೊರಬರಲಿಲ್ಲ. ಪೆಟ್ಟು ಬಿದ್ದದ್ದು ಬೆಲೆ ಏರುತ್ತದೆಂದು ನಂಬಿ ಕೊಂಡವರಿಗೆ. ಓಡಿಸುವುದಕ್ಕೆಂದು ಕೊಂಡವರಿಗೆ ಕಾರಿನಲ್ಲಿ ಏನೂ ಕಡಿಮೆಯಾಗಲಿಲ್ಲ.

ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಾರಿನ ಮರ್ಯಾದೆ ಹೋಗುತ್ತದೆ ಎನ್ನುವುದೂ ನಿಜವಲ್ಲ. 1987ರಲ್ಲಿ ಬಂದ ಫೆರಾರಿ ಎಫ್40ಯನ್ನು ಮೊದಲು 400 ಮಾಡುವ ಲೆಕ್ಕವಿತ್ತು. ಕೊನೆಗೆ 1,300ಕ್ಕೂ ಹೆಚ್ಚು ಮಾಡಿದರು. ಇವತ್ತಿಗೂ ಫೆರಾರಿ ಪ್ರಿಯರ ಆಸೆಯ ಪಟ್ಟಿಯಲ್ಲಿ ಅದು ಮೇಲೆಯೇ ಇದೆ. ಇನ್ನು ಮಾಜ್ದಾ ಎಂಎಕ್ಸ್-5 ನೋಡಿ. 1989ರಲ್ಲಿ ಬಂತು, 2016ರಲ್ಲಿ ಅದರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅದರಷ್ಟು ಮಾರಾಟವಾದದ್ದು ಬೇರೊಂದಿಲ್ಲ. ಹತ್ತು ಲಕ್ಷನೆಯ ಆ ಕಾರನ್ನು ಹಲವು ದೇಶಗಳಿಗೆ ಕೊಂಡೊಯ್ದರು. ಹೋದಲ್ಲೆಲ್ಲ ಜನ ಅದರ ಮೈಮೇಲೆ ಸಹಿ ಹಾಕಿದರು. ತಮ್ಮ ಕಾರು ಇಷ್ಟೊಂದು ಜನರ ಬಳಿ ಇದೆ ಎನ್ನುವುದೇ ಅವರಿಗೆ ಹೆಮ್ಮೆಯಾಗಿತ್ತು.

ಕಾರುಗಳು ಜಾಸ್ತಿಯಾದಾಗ ನಿಮಗೆ ಸಿಗುವುದು ಏನು ಎಂಬುದನ್ನು ನಿಧಾನವಾಗಿ ಹೇಳಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

1997ರಲ್ಲಿ ಪೋರ್ಷೆ 996 ಎಂಬ ಪೀಳಿಗೆಯ 911 ಅನ್ನು ತಂದಿತು. ಹಳೆಯ 911ನವರು ತುಂಬ ನೊಂದುಕೊಂಡರು. ಹೊಸದರ ಮುಂಭಾಗ, ಹೆಡ್‌ಲೈಟ್ ಎಲ್ಲ ಪೋರ್ಷೆಯದೇ ಕಡಿಮೆ ಬೆಲೆಯ ಕಾರಾದ ಬಾಕ್‌ಸ್ಟರ್‌ನದ್ದೇ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರುತ್ತಿರುವುದು ಯಾವುದೆಂದು ಹೇಳುವುದೇ ಕಷ್ಟವಾಯಿತು. ನಿಮ್ಮದೂ ಹೆಚ್ಚು ಕಡಿಮೆ ಇದೇ ದುಃಖ. ಆದರೆ ಆ ಎರಡೂ ಕಾರಿನ ಎಂಜಿನ್ ಒಳಗೆ ಇನ್ನೊಂದು ತೊಂದರೆ ಅಡಗಿತ್ತು. ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡದ ತುದಿಯಲ್ಲಿರುವ ಬೇರಿಂಗ್ ಸವೆದು ಮುರಿದರೆ ಇಡೀ ಎಂಜಿನ್ನೇ ಹಾಳು. ಎಲ್ಲ ಕಾರಿನಲ್ಲೂ ಹೀಗಾಗುತ್ತಿರಲಿಲ್ಲ. ಆದವರಿಗೆ ಮಾತ್ರ ದೊಡ್ಡ ಪೆಟ್ಟು.

ರಸ್ತೆಯಲ್ಲಿ ಆ ಕಾರುಗಳು ಸಾವಿರಾರು ಇದ್ದವು. ಹಾಗಾಗಿ ತೊಂದರೆ ಬೆಳಕಿಗೆ ಬಂತು. ಯಾವ ವರ್ಷದ ಎಂಜಿನ್‌ನಲ್ಲಿ ಯಾವ ಬಗೆಯ ಬೇರಿಂಗ್ ಇದೆ, ಯಾವುದು ಹೆಚ್ಚು ಬಾಳುತ್ತದೆ ಎಂದು ಮೆಕ್ಯಾನಿಕ್‌ಗಳು ಕಲಿತರು. ಆಯಿಲ್ ಬದಲಿಸಿದಾಗ ಹಳೆಯ ಫಿಲ್ಟರ್ ಕತ್ತರಿಸಿ, ಒಳಗೆ ಲೋಹದ ಚೂರು ಇದೆಯೇ ಎಂದು ನೋಡುವುದು ಅಭ್ಯಾಸವಾಯಿತು. ಬೇರೆ ತಯಾರಕರು ಗಟ್ಟಿ ಬೇರಿಂಗ್ ಮಾಡಿ ಮಾರಿದರು. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಹೇಗೂ ಇಳಿಸುತ್ತಾರೆ, ಆಗಲೇ ಬೇರಿಂಗ್ ಕೂಡ ಹಾಕಿಸಿಬಿಡಿ ಎಂದು ಮಾಲೀಕರು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಇಡೀ ಲೋಕದಲ್ಲಿ ನೂರೇ ಕಾರು ಇದ್ದಿದ್ದರೆ? ಎಂಜಿನ್ ಒಡೆದ ದಿನವೇ ಮಾಲೀಕನಿಗೆ ವಿಷಯ ಗೊತ್ತಾಗುತ್ತಿತ್ತು.

ಬಿಡಿಭಾಗದ ಮಾತೂ ಹೀಗೆಯೇ. ಮಾಜ್ದಾ 2017ರಲ್ಲಿ ಜಪಾನಿನಲ್ಲಿ ಮೊದಲ ಪೀಳಿಗೆಯ ಎಂಎಕ್ಸ್-5ಗಳನ್ನು ಹೊಸದರಂತೆ ಮಾಡಿಕೊಡುವ ಯೋಜನೆ ಪ್ರಕಟಿಸಿತು. ಮೇಲಿನ ಬಟ್ಟೆಯ ಹೊದಿಕೆ, ಮರದ ಸ್ಟಿಯರಿಂಗ್, ಆಗಿನ ಮಾದರಿಯ ಟಯರ್, ಇವನ್ನೆಲ್ಲ ಮತ್ತೆ ಮಾಡಿಸಿತು. ಅಷ್ಟು ಕಾರುಗಳು, ಅಷ್ಟು ಮಾಲೀಕರು ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಕೆಲವೇ ಕಾರು ಉಳಿದಿರುವ ಕಡೆ ಒಂದು ಬಾಗಿಲಿನ ರಬ್ಬರ್ ಹೊಸದಾಗಿ ಮಾಡಿಸಬೇಕೆಂದರೂ ಪೂರ್ತಿ ಖರ್ಚು ಆ ಕೆಲವರ ತಲೆಯ ಮೇಲೇ.

ಇನ್ನೂ ಒಂದಿದೆ, ನನಗೆ ಇದು ಎಲ್ಲಕ್ಕಿಂತ ಮುಖ್ಯ. ತುಂಬ ಅಪರೂಪದ ಕಾರನ್ನು ಮಾಲೀಕರು ಓಡಿಸುವುದಿಲ್ಲ. ಒಂದೊಂದು ಕಿಲೋಮೀಟರಿಗೂ ಬೆಲೆ ಇಳಿಯುತ್ತದೆಂಬ ಭಯ. ಒಂದು ಗೀರು ಬಿದ್ದರೆ ನಿದ್ದೆ ಇಲ್ಲ. ನಿಂತೇ ಇದ್ದ ಕಾರಿನ ಪೆಟ್ರೋಲ್ ಕೆಡುತ್ತದೆ, ಸೀಲ್‌ಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಟಯರ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ತಿರುವು ತಿರುವಾಗಿ ಓಡಲೆಂದು ಯಾರೋ ಜೀವ ತೇದು ಮಾಡಿದ ಯಂತ್ರ ಬಟ್ಟೆ ಹೊದ್ದು ನಿಂತಿರುವುದು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಿಮಗೆ ಆ ಭಯ ಬೇಡ. ಮಳೆ ಬಂದರೂ ಹೊರಡಬಹುದು. ಕಲ್ಲು ಸಿಡಿದು ಬಂಪರ್‌ಗೆ ಗುರುತಾದರೆ ಇನ್ನೊಂದು ಬಂಪರ್ ಸಿಗುತ್ತದೆ.

ಈಗಿನ ಸಂಖ್ಯೆ ಹೀಗೇ ಇರುವುದೂ ಇಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಡಾಟ್ಸನ್ 240ಝಡ್ ಎಂಬ ಸ್ಪೋರ್ಟ್ಸ್ ಕಾರು ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಎಲ್ಲೆಲ್ಲೂ ಇದೆ ಎಂದು ಜನ ಜೋಪಾನ ಮಾಡಲಿಲ್ಲ, ತುಕ್ಕು ತಿಂದುಹಾಕಿತು. ಈಗ ತುಕ್ಕಿಲ್ಲದ 240ಝಡ್ ಬೇಕೆಂದರೆ ಹುಡುಕಾಡಬೇಕು.

ಆ ಹುಡುಗರ ವಿಷಯಕ್ಕೆ ಬರುತ್ತೇನೆ. ಕೈ ಎತ್ತಿ, ದಯವಿಟ್ಟು. ಅರ್ಧ ಬೆಲೆಗೆ ಕೊಂಡರೂ ಅವರ ಆಸೆ ಅರ್ಧವಲ್ಲ. ಎಷ್ಟೋ ಜನ ನಿಮ್ಮ ಕಾರನ್ನು ನೋಡಿಯೇ ಆಸೆಪಟ್ಟವರು ಇರಬಹುದು. ಬಿಡಿಭಾಗ ಮಾರುವವರ ವ್ಯಾಪಾರ ನಡೆಯುವುದೂ ಅಂಥವರಿಂದಲೇ. ನೀವು ಮೊದಲಿನಿಂದ ಓಡಿಸಿದವರು. ಯಾವ ಶಬ್ದ ಬಂದರೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ನಿಮಗೆ ಗೊತ್ತು. ಸಿಕ್ಕಾಗ ನಿಲ್ಲಿಸಿ ಹೇಳಿಕೊಡಿ. ಮೊದಲು ಜನ ಬಂದು ಮಾತಾಡಿಸುತ್ತಿದ್ದರು ಎಂದಿರಲ್ಲ, ಅವರು ಕಾರು ನೋಡಿ ಹೋಗಿಬಿಡುತ್ತಿದ್ದರು. ಈ ಹುಡುಗರ ಜೊತೆ ಕಾರಿನ ಬಗ್ಗೆಯೇ ಗಂಟೆಗಟ್ಟಲೆ ಮಾತಾಡಬಹುದು.

ಇನ್ನು ನಿಮ್ಮ ಮೂರು ಪ್ರಶ್ನೆ.

ಬಣ್ಣ ಬದಲಿಸಬೇಡಿ. 1953ರ ಮೊದಲ 300 ಶೆವ್ರೊಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರುಗಳೂ ಒಂದೇ ಬಿಳಿ, ಒಳಗೆ ಒಂದೇ ಕೆಂಪು. ಯಾರಿಗೂ ಆಯ್ಕೆ ಇರಲಿಲ್ಲ. ಇವತ್ತು ಅದೇ ಬಿಳಿಗೆ ಬೆಲೆ. ಪೂರ್ತಿ ಬಣ್ಣ ಬದಲಿಸಿದರೆ ಬಾಗಿಲಿನ ಅಂಚು, ಬಾನೆಟ್ ಕೆಳಭಾಗ ಎಲ್ಲೋ ಒಂದು ಕಡೆ ಹಳೆಯದು ಇಣುಕುತ್ತದೆ. ಕೆಂಪು ನೋಡಿ ನೋಡಿ ಸಾಕಾಗಿದ್ದರೆ ಮೇಲೆ ಫಿಲ್ಮ್ ಅಂಟಿಸಿಕೊಳ್ಳಿ, ಬೇಡವೆಂದಾಗ ತೆಗೆಯಬಹುದು. ಸೈಲೆನ್ಸರ್ ಬದಲಿಸುವ ಮೊದಲು, ಬದಲಿಸಿದವರ ಕಾರಿನಲ್ಲಿ ದೂರದ ದಾರಿ ಕುಳಿತು ಬನ್ನಿ. ಐದು ನಿಮಿಷ ಚೆಂದ ಕೇಳಿದ್ದು ಮೂರನೇ ಗಂಟೆಗೆ ತಲೆನೋವಾಗುತ್ತದೆ. ಅದೇ ದುಡ್ಡಿನಲ್ಲಿ ಒಳ್ಳೆಯ ಟಯರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಬ್ರೇಕ್ ಆಯಿಲ್ ಬದಲಿಸಿ. ಉಳಿದದ್ದರಲ್ಲಿ ಟ್ರ್ಯಾಕ್‌ನಲ್ಲಿ ಓಡಿಸುವುದನ್ನು ಕಲಿಸುವವರ ಬಳಿ ಒಂದು ದಿನ ಕಲಿಯಿರಿ. ಒಂದೇ ಮಾದರಿಯ ಎರಡು ಕಾರು ಪಕ್ಕಪಕ್ಕ ನಿಂತಾಗ ಒಂದೇ ಥರ ಕಾಣುತ್ತವೆ. ತಿರುವಿನಲ್ಲಿ ಓಡಿಸುವವನ ಕೈಗುಣ ಬೇರೆಯಾಗಿ ಕಾಣುತ್ತದೆ.

ಮಾರುವ ಪ್ರಶ್ನೆಗೆ ಉತ್ತರ ನಿಮ್ಮಲ್ಲೇ ಇದೆ. ಒಂದು ದಿನ ಒಬ್ಬರೇ, ನೋಡುವವರು ಯಾರೂ ಇಲ್ಲದ ದಾರಿಯಲ್ಲಿ ಓಡಿಸಿ ಬನ್ನಿ. ಸಂಜೆ ಮನೆಗೆ ತಿರುಗುವ ಮನಸ್ಸಾಗದಿದ್ದರೆ ಇಟ್ಟುಕೊಳ್ಳಿ. ಜನರ ನೋಟ ಇಲ್ಲದೆ ಸಪ್ಪೆ ಅನಿಸಿದರೆ ಮಾರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಮಾರುವುದೇ ಆದರೆ ಮೂಲ ಸೈಲೆನ್ಸರ್, ಎರಡನೇ ಕೀಲಿ, ಮೊದಲ ದಿನದಿಂದ ಮಾಡಿಸಿದ ಸರ್ವೀಸಿನ ಬಿಲ್ಲು ಎಲ್ಲ ಒಟ್ಟಿಗೆ ಜೋಡಿಸಿಡಿ. ಒಂದೇ ಥರದ ಹತ್ತು ಕಾರು ಮುಂದಿರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.

— ಸಂಪಾದಕ