ಶುಚಿಗೊಳಿಸುವ ಸಂಸ್ಥೆಯ ಸ್ವಂತ ಕಚೇರಿ: ಗ್ರಾಹಕರ ಕಣ್ಣು ಎಲ್ಲಿ ಬೀಳುತ್ತದೆ?

ನಿಮ್ಮ ಕ್ಲೀನಿಂಗ್ ಸಂಸ್ಥೆಯ ಕಚೇರಿಗೆ ಮೊದಲ ಬಾರಿ ಗ್ರಾಹಕರು ಬರಲಿದ್ದಾರೆ, ಹೊಸ ಸೋಫಾ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಆ ಹಣದಲ್ಲಿ ಬಾಗಿಲ ಬಳಿ ಕೆಲವು ಹೆಜ್ಜೆ ಹಿಡಿಸುವಷ್ಟು ಉದ್ದದ ಕಾಲೊರಸು ಹಾಕಿಸಿ. ಹೊರಗಿನ ಧೂಳು ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ.

ಸ್ವಚ್ಛತೆಯನ್ನೇ ಮಾರುವವರ ಕಚೇರಿಯನ್ನು ಜನ ಪರೀಕ್ಷಕರಂತೆ ನೋಡುತ್ತಾರೆ, ಅದು ನ್ಯಾಯವೂ ಹೌದು. ಗ್ರಾಹಕರು ಕೂರುವ ಕುರ್ಚಿಯಲ್ಲಿ ನೀವೇ ಒಮ್ಮೆ ಕುಳಿತು ನೋಡಿ. ಮೇಜಿನ ಕಾಲಿನ ಕೊಳೆ, ಗಾಜಿನ ಮೇಲಿನ ಬೆರಳಚ್ಚು, ಸ್ವಿಚ್ಚಿನ ಸುತ್ತಲಿನ ಕಪ್ಪು ಎಲ್ಲವೂ ಅಲ್ಲಿಂದ ಕಾಣುತ್ತವೆ. ಶೌಚಾಲಯದ ವಾಸನೆಯನ್ನು ಸುಗಂಧ ಸಿಂಪಡಿಸಿ ಮುಚ್ಚಬೇಡಿ. ಹೆಚ್ಚು ಬಳಸದ ಕಡೆ ನೆಲದ ಟ್ರ್ಯಾಪಿನಲ್ಲಿ (ನೀರು ನಿಂತು ವಾಸನೆ ತಡೆಯುವ ಕೊಳವೆಯ ಬಾಗು) ನೀರು ಆರಿ, ಚರಂಡಿಯ ವಾಸನೆ ಮೇಲೇರುತ್ತಿರಬಹುದು. ಹಾಗಿದ್ದರೆ ಒಂದಿಷ್ಟು ನೀರು ಸುರಿದರೆ ಸಾಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಸಾಮಗ್ರಿ ಕೋಣೆ. ಅದನ್ನು ಬೀಗ ಹಾಕಿ ಅಡಗಿಸದೆ, ನೀವೇ ಕರೆದೊಯ್ದು ತೋರಿಸಿ. ಮಾಪ್‌ಗಳು ಬಕೆಟ್ಟಿನಲ್ಲಿ ನೆನೆಯದೆ ತೂಗುಹಾಕಿ ಒಣಗಿರಲಿ. ಶೌಚಾಲಯಕ್ಕೂ ಅಡುಗೆಮನೆಗೂ ಬೇರೆ ಬೇರೆ ಬಣ್ಣದ ಬಟ್ಟೆಗಳಿರಲಿ. ಪ್ರತಿ ಬಾಟಲಿಗೂ ಹೆಸರಿನ ಚೀಟಿ ಅಂಟಿಸಿ. ಬ್ಲೀಚ್ ಮತ್ತು ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅವೆರಡನ್ನೂ ದೂರ ದೂರ ಇಟ್ಟು, ಕಾರಣವನ್ನು ಗ್ರಾಹಕರಿಗೆ ವಿವರಿಸಿ.