ಪಿತ್ತರಸ ತೆಗೆಯುವುದು ಹಾಲು ಕರೆದ ಹಾಗೆ ಅಲ್ಲ

ಕರಡಿಯ ಪಿತ್ತರಸಕ್ಕೆ ನಿಜವಾಗಿ ಔಷಧಿ ಗುಣ ಇದೆ, ಕೊಲ್ಲದೆ ಸಾಕಿಕೊಂಡೇ ತೆಗೆಯುತ್ತಾರೆ, ಹಸುವಿನ ಹಾಲು ಕರೆದ ಹಾಗೆ ಅಲ್ವಾ ಎಂದು ಕೇಳಿದ್ದೀರಿ. ಔಷಧಿಯ ಮಾತು ನಿಜ, ಪಿತ್ತಕೋಶದ ಕಲ್ಲು ಕರಗಿಸಲು ಅದನ್ನು ಬಳಸುತ್ತಾರೆ. ಹಾಲಿನ ಹೋಲಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಾಲು ತಾನಾಗಿ ಕೆಚ್ಚಲಿಗೆ ಇಳಿಯುತ್ತದೆ. ಪಿತ್ತರಸ ತುಂಬಿಕೊಳ್ಳುವ ಪಿತ್ತಕೋಶ ಇರುವುದು ಹೊಟ್ಟೆಯೊಳಗೆ, ಲಿವರ್ ಕೆಳಗೆ. ಅಲ್ಲಿಂದ ಮೈಯ ಹೊರಗೆ ದಾರಿಯೇ ಇಲ್ಲ. ಆ ದಾರಿಯನ್ನು ಮನುಷ್ಯರೇ ಕೊರೆಯಬೇಕು. ಚೀನಾದ ಫಾರಂಗಳಲ್ಲಿ ಮೊದಲು ಕೊಳವೆ ಕೂರಿಸುತ್ತಿದ್ದರು. ಆಮೇಲೆ ಬಂದದ್ದು 'ಫ್ರೀ ಡ್ರಿಪ್'. ಅಂದರೆ ಪಿತ್ತಕೋಶದಿಂದ ಹೊಟ್ಟೆಯ ಚರ್ಮದವರೆಗೆ ತೂತು ಮಾಡಿ, ಅದು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದು. ಮೈ ಗಾಯ ಮಾಯಿಸಲು ಒದ್ದಾಡುತ್ತದೆ, ಇವರು ಮಾಯಲು ಬಿಡುವುದಿಲ್ಲ. ಹೀಗೆ ವರ್ಷಗಟ್ಟಲೆ. ವಿಯೆಟ್ನಾಂನಲ್ಲಿ ಕರಡಿಯ ಪ್ರಜ್ಞೆ ತಪ್ಪಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು ಉದ್ದನೆಯ ಸೂಜಿ ಚುಚ್ಚಿ ಎಳೆಯುತ್ತಿದ್ದರು. 2012ರಲ್ಲಿ ಚೀನಾದ ಪಾರಂಪರಿಕ ಔಷಧಿ ಸಂಘದ ಮುಖ್ಯಸ್ಥರೊಬ್ಬರು ಪಿತ್ತರಸ ತೆಗೆಯುವುದು ನಲ್ಲಿ ತಿರುಗಿಸಿದಷ್ಟು ಸುಲಭ, ನೋವೇ ಇಲ್ಲ ಎಂದಿದ್ದರು. ಅಲ್ಲಿನ ಜನರೇ ಸಿಟ್ಟಿಗೆದ್ದರು. ಷೇರು ಮಾರುಕಟ್ಟೆಗೆ ಹೊರಟಿದ್ದ ಒಂದು ಪಿತ್ತರಸದ ಕಂಪನಿ ಮರುವರ್ಷ ಹಿಂದೆ ಸರಿಯಿತು.

ಈ ಕರಡಿಗಳಲ್ಲಿ ಜಾಸ್ತಿ ಇರುವುದು ಎದೆಯ ಮೇಲೆ ಚಂದ್ರನ ಗುರುತಿರುವ ಏಷ್ಯಾದ ಕಪ್ಪು ಕರಡಿ. ಮರ ಹತ್ತಿ ಕಾಡೆಲ್ಲ ಸುತ್ತುವ ಪ್ರಾಣಿ. ಕೆಲವು ಪಂಜರಗಳಲ್ಲಿ ಅದಕ್ಕೆ ಮಗ್ಗುಲು ಬದಲಿಸಲೂ ಜಾಗವಿಲ್ಲ. ಕಂಬಿ ಕಚ್ಚಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ಬಿಡಿಸಿ ತಂದ ಕರಡಿಗಳಲ್ಲಿ ವೈದ್ಯರು ಲಿವರ್ ಕ್ಯಾನ್ಸರ್ ಕಂಡಿದ್ದಾರೆ, ಪಿತ್ತಕೋಶದಲ್ಲಿ ಕಲ್ಲು ಕಂಡಿದ್ದಾರೆ. ಯಾರದೋ ಕಲ್ಲು ಕರಗಲಿ ಎಂದು ಇದರ ಹೊಟ್ಟೆಯಲ್ಲಿ ಕಲ್ಲು! ಇದನ್ನು ಓದಿದ ದಿನ ನನಗೆ ತುಂಬಾ ಸಂಕಟವಾಯಿತು.

ಇನ್ನು ಔಷಧಿ. ಕರಡಿ ಪಿತ್ತರಸದಲ್ಲಿ ಔಷಧಿಯಾಗಿ ಕೆಲಸ ಮಾಡುವ ಮುಖ್ಯ ಅಂಶ ಅರ್ಸೋಡಿಆಕ್ಸಿಕೋಲಿಕ್ ಆಸಿಡ್. 1950ರ ದಶಕದಲ್ಲೇ ಜಪಾನಿನಲ್ಲಿ ಅದನ್ನು ಲ್ಯಾಬ್‌ನಲ್ಲಿ ತಯಾರಿಸಿದರು. ಈಗ ಹೆಚ್ಚಾಗಿ ಕಸಾಯಿಖಾನೆಯಲ್ಲಿ ಉಳಿಯುವ ದನದ ಪಿತ್ತದಿಂದ ಮಾಡುತ್ತಾರೆ. ನಮ್ಮ ಅಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಡಾಕ್ಟರ್ ಬರೆದುಕೊಟ್ಟದ್ದು ಇದೇ ಅಂಶದ ಮಾತ್ರೆ. ಬೀದಿ ತುದಿಯ ಮೆಡಿಕಲ್ ಶಾಪ್‌ನಲ್ಲಿ ಸಿಕ್ಕಿತು.

ದಕ್ಷಿಣ ಕೊರಿಯಾ 2026ರಿಂದ ಕರಡಿ ಸಾಕಣೆಯನ್ನೇ ನಿಷೇಧಿಸುವ ಕಾನೂನು ಮಾಡಿದೆ. ಚೀನಾದಲ್ಲಿ ಪಿತ್ತರಸದ ಫಾರಂಗಳಿಗೆ ಇನ್ನೂ ಅನುಮತಿ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಚಿಕಿತ್ಸೆಯ ಪಟ್ಟಿಗೂ ಕರಡಿ ಪಿತ್ತವಿರುವ ಇಂಜೆಕ್ಷನ್ ಸೇರಿಸಿದರು. ಮಾತ್ರೆ ಅಂಗಡಿಯಲ್ಲೇ ಸಿಗುವಾಗ ಆ ಗಾಯವನ್ನು ತೆರೆದಿಡಲು ಏನು ಕಾರಣವಿದೆ ಹೇಳಿ?