ವೇಲ್ಸ್ ಹೆಂಗಸರ ಉದ್ದ ಕರಿ ಟೋಪಿ ನಿಜವಾದ ಪರಂಪರೆಯಾ, ಟೂರಿಸ್ಟರಿಗೆ ಕಟ್ಟಿದ ಕತೆಯಾ?

ಎರಡೂ ಹೌದು. 1830ರ ನಂತರ ಕೆಲವು ದಶಕ ಅಲ್ಲಿನ ಹಳ್ಳಿ ಹೆಂಗಸರು ಆ ಟೋಪಿಯನ್ನು ನಿಜವಾಗಿ ಹಾಕುತ್ತಿದ್ದರು. ಒಳಗೆ ನೆರಿಗೆಯ ಬಿಳಿ ಕುಲಾವಿ, ಅದರ ಮೇಲೆ ಕೊಳವೆಯಂಥ ಕರಿ ಟೋಪಿ. ಆಮೇಲೆ ಅದು ಪೆಟ್ಟಿಗೆ ಸೇರಿತು.

ಲ್ಯಾನ್‌ಬೆಡ್ರ್ ಅಂತ ಒಂದು ಸಣ್ಣ ಊರಿದೆ, ವಾಯವ್ಯ ವೇಲ್ಸ್‌ನಲ್ಲಿ. ಅದರ ಹತ್ತಿರ ಕೆವ್ನ್ ಕಮೆರೈ ಅನ್ನುವಲ್ಲಿ ಸೇಲಂ ಅಂತ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರ ಪುಟ್ಟ ಪ್ರಾರ್ಥನಾ ಮಂದಿರ. 1908ರಲ್ಲಿ ಕರ್ನೋ ವಾಸ್ಪರ್ ಅನ್ನುವ ಇಂಗ್ಲಿಷ್ ಚಿತ್ರಕಾರ ಅದರ ಒಳಗಿನ ಚಿತ್ರ ಬರೆದ. ಊರಿನವರನ್ನೇ ದುಡ್ಡು ಕೊಟ್ಟು ಕೂರಿಸಿದ. ನಡುವೆ ನಿಂತಿರುವುದು ಎಪ್ಪತ್ತು ದಾಟಿದ ಶಾನ್ ಓವೆನ್ ಅಜ್ಜಿ. ಆದರೆ ಅಷ್ಟು ಹೊತ್ತಿಗೆ ಟೋಪಿ ಹಾಕುವವರೇ ಇರಲಿಲ್ಲ, ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು! ಅದನ್ನೇ ಒಬ್ಬರಾದ ಮೇಲೆ ಒಬ್ಬರ ತಲೆಗೆ ಇಟ್ಟು ಬರೆದುಕೊಂಡ. ನಮ್ಮ ಹಳೇ ಫೋಟೋ ಸ್ಟುಡಿಯೋಗಳಲ್ಲಿ ಒಂದು ಕೋಟು ಮೊಳೆಗೆ ನೇತುಹಾಕಿ ಬಂದವರಿಗೆಲ್ಲ ತೊಡಿಸುತ್ತಿದ್ದರಲ್ಲ, ಹಾಗೆ. ಅಜ್ಜಿಯ ಬಣ್ಣದ ಶಾಲೂ ಎರವಲೇ.

ಆ ಚಿತ್ರ ಸುಮ್ನೆ ಗ್ಯಾಲರಿಯಲ್ಲಿ ಉಳಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಅದನ್ನು ಕೊಂಡವನು ಸನ್‌ಲೈಟ್ ಸೋಪಿನ ಕಂಪನಿಯ ಮಾಲೀಕ ಲೀವರ್. ಹೌದು, ನಮ್ಮ ಬಚ್ಚಲುಮನೆಗಳಲ್ಲೂ ಇದ್ದ ಅದೇ ಸನ್‌ಲೈಟ್! ಸೋಪು ಕೊಂಡವರಿಗೆ ಚಿತ್ರದ ಪ್ರತಿ ಸಿಗುವ ಹಾಗೆ ಮಾಡಿದ, ಅದು ವೇಲ್ಸ್‌ನ ಮನೆಮನೆಯ ಗೋಡೆ ಏರಿತು. ನನ್ನ ಪ್ರಕಾರ ಆ ಟೋಪಿಯನ್ನು ಇಷ್ಟು ಗಟ್ಟಿಯಾಗಿ ಉಳಿಸಿದ್ದರಲ್ಲಿ ಸೋಪಿನ ಪಾಲು ಜಾಸ್ತಿ.

ಹಾಗಂತ ಸುಳ್ಳು ಅನ್ನಲಾರೆ. ಮಂದಿರ ಅಲ್ಲೇ ಇದೆ, ಅಜ್ಜಿ 1927ರ ತನಕ ಬದುಕಿದ್ದಳು, ಮಾರ್ಚ್ 1ರ ಸೇಂಟ್ ಡೇವಿಡ್ ಹಬ್ಬಕ್ಕೆ ಶಾಲೆ ಹುಡುಗಿಯರು ಇವತ್ತಿಗೂ ಅಂಥ ಟೋಪಿ ಹಾಕುತ್ತಾರೆ.

ಮೂಲ ಚಿತ್ರ ಇರುವುದು ಲಿವರ್‌ಪೂಲ್ ಪಕ್ಕದ ಪೋರ್ಟ್ ಸನ್‌ಲೈಟ್‌ನ ಗ್ಯಾಲರಿಯಲ್ಲಿ. ನಾನು ಹೋದಾಗ ಮುಂದೆ ನಿಂತಿದ್ದವರೆಲ್ಲ ಶಾಲಿನ ಮಡಿಕೆಯಲ್ಲಿ ಸೈತಾನನ ಮುಖ ಹುಡುಕುತ್ತಿದ್ದರು (ಆ ಗುಲ್ಲು ಭಾರೀ ಹಳೇದು). ನೀವು ಹೋದರೆ ಟೋಪಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ.